ಚರ್ಕ್ ಕೋಟೆಯ ಕಬ್ಬಿಣದ ಗೇಟು

ವೇಲ್ಸ್‌ನ ರೆಕ್ಸಮ್ ಸಮೀಪ, ಇಂಗ್ಲೆಂಡಿನ ಗಡಿಯ ಅಂಚಿನಲ್ಲಿ ಚರ್ಕ್ ಕೋಟೆಯಿದೆ. ವೈದ್ಯವೃತ್ತಿಯಿಂದ ನಿವೃತ್ತನಾದ ಮೇಲೆ ಅಲ್ಲಿಗೆ ಹಲವು ಸಲ ಹೋಗಿದ್ದೇನೆ. ಬಂದವರು ನೇರವಾಗಿ ಕೋಟೆಯ ಕಡೆಗೆ ನಡೆಯುತ್ತಾರೆ. ನಾನು ಗೇಟಿನ ಬಳಿಯೇ ನಿಂತುಬಿಡುತ್ತೇನೆ.

13ನೆಯ ಶತಮಾನದ ಕೊನೆಯಲ್ಲಿ ಕಟ್ಟಲು ಆರಂಭಿಸಿದ ಈ ಕೋಟೆಯನ್ನು 1595ರಲ್ಲಿ ಲಂಡನ್ನಿನ ವ್ಯಾಪಾರಿ ಸರ್ ಥಾಮಸ್ ಮಿಡಲ್ಟನ್ ಕೊಂಡುಕೊಂಡರು. ಅಂದಿನಿಂದ ಇದು ಆ ಮನೆತನದ ವಾಸದ ಮನೆಯಾಯಿತು. ಈಸ್ಟ್ ಇಂಡಿಯಾ ಕಂಪನಿಗೆ ಮೊದಮೊದಲು ಹಣ ಹೂಡಿದವರಲ್ಲಿ ಅವರೂ ಒಬ್ಬರು. ಸುಮಾರು ಇನ್ನೂರು ವರ್ಷಗಳ ನಂತರ, 1799ರಲ್ಲಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದು ಅದೇ ಕಂಪನಿ. ಹಾಗಾಗಿ ಕನ್ನಡಿಗನಾದ ನನಗೆ ಈ ಮನೆ ತೀರ ಪರಕೀಯವೆನಿಸುವುದಿಲ್ಲ.

ಗೇಟನ್ನು 1712ರಿಂದ 1719ರ ನಡುವೆ ಮಾಡಿದವರು ಬರ್ಶಮ್‌ನ ಕಮ್ಮಾರ ಸಹೋದರರಾದ ರಾಬರ್ಟ್ ಮತ್ತು ಜಾನ್ ಡೇವಿಸ್. ಸರಳು, ಬಳ್ಳಿ, ಎಲೆಗಳನ್ನು ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ರೂಪಿಸಿದ್ದಾರೆ. ಬೆಸುಗೆಯ ಜಾಗ ಹುಡುಕಿದರೂ ಸಿಗದು; ಚೆನ್ನಾಗಿ ಕೂಡಿಕೊಂಡ ಮೂಳೆಯ ಹಾಗಿದೆ. ನೆತ್ತಿಯ ಮೇಲೆ ಮಿಡಲ್ಟನ್ ಮನೆತನದ ಲಾಂಛನ, ಇಕ್ಕೆಲದ ಕಂಬಗಳ ಮೇಲೆ ತೋಳಗಳು.

ಆಗ ಗೇಟು ಇದ್ದದ್ದು ಕೋಟೆಯ ಮುಂದಿನ ಅಂಗಳದಲ್ಲಿ. ಅರ್ಧ ಶತಮಾನದೊಳಗೆ ಅಭಿರುಚಿ ಬದಲಾಯಿತು. ಮನೆಯ ಸುತ್ತ ಗೋಡೆ ಕಾಣಬಾರದು, ಹುಲ್ಲುಗಾವಲು ದಿಗಂತದವರೆಗೂ ಹಬ್ಬಿದಂತಿರಬೇಕು ಎನ್ನುವುದು ಹೊಸ ಫ್ಯಾಷನ್. ಉದ್ಯಾನ ವಿನ್ಯಾಸಕಾರ ವಿಲಿಯಂ ಎಮ್ಸ್ ಇಲ್ಲಿ ಆ ಕೆಲಸ ವಹಿಸಿಕೊಂಡರು. ಇಂಥ ತೋಟಗಳಲ್ಲಿ ಕಂದಕ ತೋಡಿ, ಅದರ ಒಂದು ಬದಿಗೆ ಕಲ್ಲಿನ ಗೋಡೆ ಕಟ್ಟುತ್ತಿದ್ದರು. ಇದಕ್ಕೆ ‘ಹಾ-ಹಾ’ ಎಂದು ಹೆಸರು. ದನ, ಕುರಿ ಒಳಗೆ ಬರಲಾರವು. ಮನೆಯಿಂದ ನೋಡಿದರೆ ಗೋಡೆಯೇ ಕಾಣದು. 1770ರಲ್ಲಿ ಗೇಟನ್ನು ಅಂಗಳದಿಂದ ಕಿತ್ತು ಬೇರೆಡೆ ನಿಲ್ಲಿಸಿದರು. 1888ರಲ್ಲಿ ಮತ್ತೊಮ್ಮೆ ಸಾಗಿಸಿ ಈಗಿನ ಜಾಗಕ್ಕೆ ತಂದರು. ಎರಡು ಸಲ ನೆಲೆ ತಪ್ಪಿದರೂ ಗೇಟು ಉಳಿಯಿತು, ಮಾಡಿದವರ ಹೆಸರೂ ಉಳಿಯಿತು.

ಅಲ್ಲಿ ನಿಂತಾಗಲೆಲ್ಲ ನಮ್ಮ ಅಜ್ಜನ ಮನೆ ನೆನಪಾಗುತ್ತದೆ. ಅಲ್ಲಿಯ ತೋಟಕ್ಕೂ ಕಲ್ಲಿನ ಪಾಗಾರ, ಕಬ್ಬಿಣದ ಗೇಟು ಇದ್ದವು. ಅದನ್ನು ಮಾಡಿದ ಕಮ್ಮಾರರನ್ನು ನಾವೆಲ್ಲ ‘ಆಚಾರ್ರೇ’ ಎಂದು ಕರೆಯುತ್ತಿದ್ದೆವು. ರಜೆಯಲ್ಲಿ ಅವರ ಕುಲುಮೆಗೆ ಹೋಗಿ ತಿದಿ ಒತ್ತಿದ್ದೇನೆ. ಹೆಸರು ಮಾತ್ರ ಒಂದು ದಿನವೂ ಕೇಳಲಿಲ್ಲ. ಮನೆ ಮಾರಿದಾಗ ಗೇಟು ಗುಜರಿಗೆ ಹೋಯಿತು. ಈಗ ಕೇಳೋಣವೆಂದರೆ ಹೇಳುವವರು ಯಾರೂ ಇಲ್ಲ.

ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಬಾಗಿಲು, ಗೇಟು, ಪಾಗಾರ ಯಾರ ಕೈಕೆಲಸವೆಂದು ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.