ವಿಧಿ ವಿಜ್ಞಾನ: ಪರಿಚಯ ಮತ್ತು ಬೆಳವಣಿಗೆಯ ಇತಿಹಾಸ

ಪೀಠಿಕೆ

ಅಪರಾಧ ಅಥವಾ ವ್ಯಾಜ್ಯವೊಂದರಲ್ಲಿ ಸತ್ಯಾಂಶವನ್ನು ತಿಳಿಯಲು ಭೌತ, ರಸಾಯನ, ಜೀವ ಮತ್ತು ವೈದ್ಯಕೀಯ ವಿಜ್ಞಾನಗಳ ವಿಧಾನಗಳನ್ನು ಬಳಸಿ, ಅದರಿಂದ ದೊರೆತ ಅಭಿಪ್ರಾಯವನ್ನು ನ್ಯಾಯಾಲಯದ ಮುಂದಿರಿಸುವ ಶಾಸ್ತ್ರವೇ ವಿಧಿ ವಿಜ್ಞಾನ. ಇದನ್ನು ನ್ಯಾಯ ವಿಜ್ಞಾನವೆಂದೂ ಕರೆಯುವುದುಂಟು. ರಕ್ತದ ಕಲೆ, ಕೂದಲು, ವಿಷ, ಗುಂಡು, ಬೆರಳಚ್ಚು, ಸಹಿ, ಮೊಬೈಲ್ ದೂರವಾಣಿಯಲ್ಲಿನ ಮಾಹಿತಿ ಎಲ್ಲವೂ ಇದರ ವ್ಯಾಪ್ತಿಗೆ ಒಳಪಡುತ್ತವೆ. ಈ ಶಾಸ್ತ್ರವು ಪೊಲೀಸ್ ಇಲಾಖೆಗೆ ಮಾತ್ರ ಸಂಬಂಧಿಸಿದ್ದು ಎಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಆದರೆ ಕ್ರಯಪತ್ರದಲ್ಲಿನ ಸಹಿಯನ್ನು ಅಲ್ಲಗಳೆಯಲಾದ ರೈತನಿಗೂ, ತಂದೆಯ ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದ ಮಗುವಿಗೂ, ಮಾಡದ ತಪ್ಪಿಗೆ ಬಂಧನಕ್ಕೊಳಗಾದ ವ್ಯಕ್ತಿಗೂ ಪ್ರಯೋಗಾಲಯದ ಒಂದು ಪುಟದ ವರದಿಯೇ ಅಂತಿಮ ಆಸರೆಯಾಗುವ ಸಂದರ್ಭಗಳಿವೆ.

ಪ್ರಾಚೀನ ಉಲ್ಲೇಖಗಳು

ಮರಣದ ಕಾರಣವನ್ನು ದೇಹದ ಲಕ್ಷಣಗಳಿಂದ ತಿಳಿಯುವ ಪ್ರಯತ್ನ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತನೆ ಮೃತನಾದವನ ಶವಪರೀಕ್ಷೆಗೆ ಒಂದು ಅಧ್ಯಾಯವನ್ನೇ ಮೀಸಲಿಡಲಾಗಿದೆ. ಶವಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕೆಂದೂ, ಕೈ, ಕಾಲು, ಹಲ್ಲು ಮತ್ತು ಉಗುರುಗಳು ಕಪ್ಪಾಗಿರುವುದು ವಿಷಪ್ರಯೋಗದ ಲಕ್ಷಣವೆಂದೂ ಅಲ್ಲಿ ಹೇಳಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಯೋಲೆ ಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಮುದ್ರಣಗೊಂಡು ಲೋಕಕ್ಕೆ ತಿಳಿಯಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಚೀನಾದ ಸಾಂಗ್ ತ್ಸು ಎಂಬ ನ್ಯಾಯಾಧಿಕಾರಿ 1247ರಲ್ಲಿ ಶವಪರೀಕ್ಷೆಯ ಕೈಪಿಡಿಯೊಂದನ್ನು ರಚಿಸಿದನು. ಅದರಲ್ಲಿ ಬರುವ ಒಂದು ಪ್ರಕರಣ ಪ್ರಸಿದ್ಧವಾಗಿದೆ. ಕುಡುಗೋಲಿನಿಂದ ನಡೆದ ಕೊಲೆಯೊಂದರ ತನಿಖೆಯಲ್ಲಿ ಊರಿನವರೆಲ್ಲರ ಕುಡುಗೋಲುಗಳನ್ನು ತರಿಸಿ ಬಿಸಿಲಿನಲ್ಲಿ ಇಡಿಸಲಾಯಿತು. ತೊಳೆದು ಸ್ವಚ್ಛವಾಗಿ ಕಾಣುತ್ತಿದ್ದ ಒಂದು ಕುಡುಗೋಲಿಗೆ ಮಾತ್ರ ನೊಣಗಳು ಮುತ್ತಿದವು; ಅದರ ಒಡೆಯನು ತಪ್ಪೊಪ್ಪಿಕೊಂಡನು. ಕಣ್ಣಿಗೆ ಕಾಣದ ರಕ್ತದ ಅಂಶವು ಉಳಿದಿರುತ್ತದೆ ಎಂಬ ತತ್ವವೇ ಇಂದಿನ ರಕ್ತಪರೀಕ್ಷೆಗೂ ಆಧಾರವಾಗಿದೆ.

ವಿಷ ಪರೀಕ್ಷೆ

ಆಧುನಿಕ ವಿಧಿ ವಿಜ್ಞಾನವು ಮೊದಲು ನೆಲೆಯೂರಿದ್ದು ವಿಷಶಾಸ್ತ್ರದಲ್ಲಿ. 19ನೇ ಶತಮಾನದ ಆರಂಭದ ಯೂರೋಪಿನಲ್ಲಿ ಪಾಷಾಣವು, ಅಂದರೆ ಆರ್ಸೆನಿಕ್, ಸುಲಭವಾಗಿ ದೊರೆಯುತ್ತಿದ್ದು, ಅದರಿಂದಾದ ಸಾವು ವಾಂತಿಭೇದಿಯ ಸಾವಿನಂತೆಯೇ ತೋರುತ್ತಿತ್ತು. ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞನು 1832ರಲ್ಲಿ ಕೊಲೆ ಮೊಕದ್ದಮೆಯೊಂದರಲ್ಲಿ ಆರ್ಸೆನಿಕ್ ಪತ್ತೆ ಮಾಡಿದ್ದರೂ, ನ್ಯಾಯದರ್ಶಿಗಳಿಗೆ ತೋರಿಸುವ ವೇಳೆಗೆ ಅವನ ಮಾದರಿಯು ಕೆಟ್ಟುಹೋಗಿ ಆರೋಪಿಯು ಬಿಡುಗಡೆಯಾದನು. ಈ ವೈಫಲ್ಯದಿಂದ ಬೇಸರಗೊಂಡ ಮಾರ್ಷ್, ಗಾಜಿನ ಮೇಲೆ ಆರ್ಸೆನಿಕ್ ಕನ್ನಡಿಯಂತೆ ಹೊಳೆಯುವ ಪದರವಾಗಿ ಉಳಿಯುವ ಹೊಸ ಪರೀಕ್ಷೆಯನ್ನು 1836ರಲ್ಲಿ ಪ್ರಕಟಿಸಿದನು. ನಾಲ್ಕು ವರ್ಷಗಳ ನಂತರ ಫ್ರಾನ್ಸಿನ ಲಫಾರ್ಜ್ ಪ್ರಕರಣದಲ್ಲಿ ಸ್ಥಳೀಯ ತಜ್ಞರು ವಿಷವಿಲ್ಲವೆಂದು ಹೇಳಿದ ಶವದಲ್ಲಿಯೇ ಮ್ಯಾಥ್ಯೂ ಆರ್ಫಿಲಾ ಇದೇ ಪರೀಕ್ಷೆಯಿಂದ ಆರ್ಸೆನಿಕ್ ಇರುವುದನ್ನು ತೋರಿಸಿದನು. ಪರೀಕ್ಷೆಯೊಂದೇ ಸಾಲದು, ಪರೀಕ್ಷಿಸುವ ಕೈಯೂ ನುರಿತಿರಬೇಕೆಂಬುದು ಅಂದೇ ಸ್ಪಷ್ಟವಾಯಿತು.

ಭಾರತದಲ್ಲಿಯೂ ಮೊದಲು ಸ್ಥಾಪಿತವಾದದ್ದು ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯಗಳೇ. 1849ರಲ್ಲಿ ಮದ್ರಾಸಿನಲ್ಲಿ ಮೊದಲನೆಯದು ಆರಂಭವಾಗಿ, ನಂತರ ಕಲ್ಕತ್ತಾ, ಆಗ್ರಾ ಮತ್ತು ಬೊಂಬಾಯಿಗಳಲ್ಲಿ ಉಳಿದವು ತಲೆಯೆತ್ತಿದವು.

ಬೆರಳಚ್ಚು: ಭಾರತದ ಕೊಡುಗೆ

ವಿಧಿ ವಿಜ್ಞಾನದ ಇತಿಹಾಸದಲ್ಲಿ ಭಾರತದ ಹೆಸರು ಶಾಶ್ವತವಾಗಿ ಉಳಿದಿರುವುದು ಬೆರಳಚ್ಚಿನಿಂದ. ಬಂಗಾಳದ ಜಂಗೀಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ರಸ್ತೆ ಸಾಮಗ್ರಿ ಪೂರೈಸುವ ಗುತ್ತಿಗೆದಾರ ರಾಜ್ಯಧರ ಕೋನಾಯ್ ಎಂಬುವನಿಂದ ಕರಾರು ಪತ್ರದ ಮೇಲೆ ಅಂಗೈ ಮುದ್ರೆಯನ್ನು ಪಡೆದನು. ಸಹಿಯನ್ನು ಮುಂದೆ ಅಲ್ಲಗಳೆಯದಿರಲಿ ಎಂಬುದಷ್ಟೇ ಅವನ ಉದ್ದೇಶವಾಗಿತ್ತು. ಹಲವು ವರ್ಷ ಒಬ್ಬರದೇ ಮುದ್ರೆಗಳನ್ನು ಮತ್ತೆ ಮತ್ತೆ ಪಡೆದು ನೋಡಿದಾಗ ಗೆರೆಗಳು ಬದಲಾಗುವುದಿಲ್ಲವೆಂದು ಅವನಿಗೆ ಮನವರಿಕೆಯಾಯಿತು. 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಪಿಂಚಣಿ ಪಾವತಿ, ದಸ್ತಾವೇಜು ನೋಂದಣಿ ಮತ್ತು ಜೈಲಿನ ದಾಖಲೆಗಳಿಗೆ ಬೆರಳಚ್ಚನ್ನು ಜಾರಿಗೆ ತಂದನು. ಹೀಗೆ ಬೆರಳಚ್ಚು ಕೊಲೆಗಾರರನ್ನು ಹಿಡಿಯುವುದಕ್ಕಿಂತ ಮೊದಲು ಸರ್ಕಾರಿ ಕಚೇರಿಯಲ್ಲಿ ಒಬ್ಬರ ಹಣ ಮತ್ತೊಬ್ಬರ ಪಾಲಾಗದಂತೆ ತಡೆಯುವ ಸಾಧನವಾಗಿ ಬಳಕೆಗೆ ಬಂದಿತು. ನೋಂದಣಿ ಅಧಿನಿಯಮ, 1908ಕ್ಕೆ 2001ರಲ್ಲಿ ಸೇರಿಸಲಾದ 32ಎ ಪ್ರಕರಣದ ಮೇರೆಗೆ ದಸ್ತಾವೇಜು ಹಾಜರುಪಡಿಸುವವರು ಭಾವಚಿತ್ರದೊಂದಿಗೆ ಬೆರಳಚ್ಚನ್ನೂ ನೀಡಬೇಕಾಗಿರುವುದು ಇದೇ ಪರಂಪರೆಯ ಮುಂದುವರಿಕೆ. “ಹೆಬ್ಬೆಟ್ಟು” ಎಂಬ ಮಾತನ್ನು ಅನಕ್ಷರಸ್ಥರನ್ನು ಹಗುರವಾಗಿ ಕಾಣಲು ಬಳಸುವ ರೂಢಿಯಿದೆಯಾದರೂ, ಸಹಿಗಿಂತ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡುವುದು ಬಹಳ ಕಷ್ಟ.

ಟೋಕಿಯೋದಲ್ಲಿದ್ದ ವೈದ್ಯ ಹೆನ್ರಿ ಫಾಲ್ಡ್ಸ್ 1880ರಲ್ಲಿ, ಅಪರಾಧ ಸ್ಥಳದ ಬೆರಳಚ್ಚಿನಿಂದ ಅಪರಾಧಿಯನ್ನು ಗುರುತಿಸಬಹುದೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದನು. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್‌ನ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಅರ್ಜೆಂಟೀನಾದಲ್ಲಿ ರಕ್ತಸಿಕ್ತ ಬೆರಳಚ್ಚಿನ ಆಧಾರದಿಂದ ಕೊಲೆ ಪ್ರಕರಣವೊಂದು ಬಯಲಾಯಿತು. ಆದರೆ ಒಂದು ತೊಡಕು ಉಳಿದಿತ್ತು. ಸಾವಿರಾರು ಚೀಟಿಗಳಲ್ಲಿ ಬೇಕಾದ ಒಂದನ್ನು ಹುಡುಕಿ ತೆಗೆಯುವುದು ಹೇಗೆ?

ಇದನ್ನು ಬಿಡಿಸಿದವರು ಬಂಗಾಳ ಪೊಲೀಸ್ ಇಲಾಖೆಯ ಇಬ್ಬರು ಭಾರತೀಯ ಸಬ್‌ಇನ್‌ಸ್ಪೆಕ್ಟರುಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿ ಮಾಡಿ, ಜೋಡಿಗಳಿಗೆ ಕ್ರಮವಾಗಿ 16, 8, 4, 2, 1 ಎಂಬ ಬೆಲೆಗಳನ್ನು ನೀಡಲಾಯಿತು. ಬೆರಳಿನಲ್ಲಿ ಸುರುಳಿ, ಅಂದರೆ ನಮ್ಮ ಹಿರಿಯರು “ಚಕ್ರ” ಎನ್ನುವ ಆಕೃತಿ ಇದ್ದರೆ ಮಾತ್ರ ಆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು. ಪ್ರತಿ ಜೋಡಿಯ ಒಂದು ಬೆರಳಿನ ಬೆಲೆ ಅಂಶದಲ್ಲಿಯೂ ಮತ್ತೊಂದರದು ಛೇದದಲ್ಲಿಯೂ ಸೇರುತ್ತದೆ; ಎರಡೂ ಮೊತ್ತಗಳಿಗೆ ಒಂದನ್ನು ಕೂಡಿಸಲಾಗುತ್ತದೆ. ಅಂಶ 1ರಿಂದ 32, ಛೇದ 1ರಿಂದ 32 ಆಗುವುದರಿಂದ ಒಟ್ಟು 1,024 ಗೂಡುಗಳು ದೊರೆಯುತ್ತವೆ. ಯಾವ ಚೀಟಿ ಯಾವ ಗೂಡಿಗೆ ಸೇರಬೇಕೆಂಬುದು ಬೆರಳನ್ನು ನೋಡಿದೊಡನೆ ನಿರ್ಧಾರವಾಗುತ್ತದೆ. ಖಾತೆ ಪುಸ್ತಕದ ಸೂಚಿಯಂತೆ ಸರಳವಾದ ಈ ವ್ಯವಸ್ಥೆಯಿಂದಲೇ ಬೆರಳಚ್ಚು ಕಚೇರಿಯ ಕೆಲಸಕ್ಕೆ ಒದಗುವಂತಾಯಿತು. ಆದರೆ ಇದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಿಂದ “ಹೆನ್ರಿ ಪದ್ಧತಿ” ಎಂದೇ ಲೋಕಪ್ರಸಿದ್ಧವಾಯಿತು. ಹಕ್ ಮತ್ತು ಬೋಸ್ ಅವರಿಗೆ ಬಿರುದು ಮತ್ತು ಗೌರವಧನ ದೊರೆತದ್ದು ಬಹುಕಾಲದ ನಂತರ.

1897ರಲ್ಲಿ ಕಲ್ಕತ್ತಾದಲ್ಲಿ ಸ್ಥಾಪಿತವಾದ ಬೆರಳಚ್ಚು ಬ್ಯೂರೋವನ್ನು ಜಗತ್ತಿನ ಮೊದಲನೆಯದೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಇಂತಹ ಕಚೇರಿ ಆರಂಭವಾದದ್ದು 1901ರಲ್ಲಿ. 1898ರಲ್ಲಿ ಜಲಪಾಯ್‌ಗುರಿ ಜಿಲ್ಲೆಯ ಚಹಾ ತೋಟವೊಂದರ ವ್ಯವಸ್ಥಾಪಕನ ಕೊಲೆಯಾಗಿ, ಅಲ್ಲಿ ದೊರೆತ ಪಂಚಾಂಗದ ಮೇಲಿನ ರಕ್ತದ ಗುರುತು, ಹಿಂದೆ ಕಳವಿಗಾಗಿ ಶಿಕ್ಷೆಗೊಳಗಾಗಿದ್ದ ಸೇವಕನೊಬ್ಬನ ಬಲಗೈ ಹೆಬ್ಬೆರಳಿನ ದಾಖಲೆಗೆ ತಾಳೆಯಾಯಿತು. ನ್ಯಾಯಾಲಯವು ಅವನನ್ನು ಕಳವಿಗಾಗಿ ಶಿಕ್ಷಿಸಿತು. ಕೊಲೆಯ ಆರೋಪ ಸಾಬೀತಾಗಿಲ್ಲವೆಂದು ತೀರ್ಮಾನಿಸಿತು. ಬೆರಳಚ್ಚು ವ್ಯಕ್ತಿಯು ಆ ವಸ್ತುವನ್ನು ಮುಟ್ಟಿದ್ದನೆಂದು ಹೇಳಬಲ್ಲದೇ ಹೊರತು ಅಲ್ಲಿ ಏನು ಮಾಡಿದನೆಂದು ಹೇಳಲಾರದು. ಈ ವಿವೇಚನೆಯನ್ನು ಅಂದಿನ ನ್ಯಾಯಾಲಯ ತೋರಿತ್ತು. ಮರುವರ್ಷ, 1899ರಲ್ಲಿ, ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಪ್ರಕರಣಕ್ಕೆ ತಿದ್ದುಪಡಿ ತಂದು ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಮಾನ್ಯತೆ ನೀಡಲಾಯಿತು.

ರಕ್ತದಿಂದ ಡಿಎನ್ಎವರೆಗೆ

1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದನು. ಅದೇ ಕಾಲದಲ್ಲಿ ಪಾಲ್ ಉಲೆನ್‌ಹುತ್ ಮನುಷ್ಯನ ರಕ್ತವನ್ನು ಪ್ರಾಣಿಯ ರಕ್ತದಿಂದ ಬೇರ್ಪಡಿಸುವ ಪರೀಕ್ಷೆಯನ್ನು ಕಂಡುಹಿಡಿದನು. ಬಟ್ಟೆಯ ಮೇಲಿರುವುದು ಕುರಿಯ ರಕ್ತವೆಂದು ಹೇಳುವ ಆರೋಪಿಯ ಮಾತನ್ನು ಪರಿಶೀಲಿಸಲು ಅದಕ್ಕೂ ಮೊದಲು ಯಾವುದೇ ಖಚಿತ ಮಾರ್ಗವಿರಲಿಲ್ಲ. 1910ರಲ್ಲಿ ಎಡ್ಮಂಡ್ ಲೊಕಾರ್ಡ್ ಫ್ರಾನ್ಸಿನ ಲಿಯಾನ್ ನಗರದ ನ್ಯಾಯಾಲಯದ ಅಟ್ಟದ ಎರಡು ಕೋಣೆಗಳಲ್ಲಿ ಪೊಲೀಸ್ ಪ್ರಯೋಗಾಲಯವನ್ನು ತೆರೆದನು. ಎರಡು ವಸ್ತುಗಳು ಪರಸ್ಪರ ತಾಗಿದಾಗ ಒಂದರ ಅಂಶ ಇನ್ನೊಂದಕ್ಕೆ ಅಂಟುತ್ತದೆ ಎಂಬ ಅವನ ತತ್ವವು ಇಂದಿಗೂ ಸ್ಥಳ ಪರಿಶೀಲನೆಗೆ ಬುನಾದಿಯಾಗಿದೆ.

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅಲೆಕ್ ಜೆಫ್ರಿಸ್ ಡಿಎನ್ಎ ಗುರುತಿನ ವಿಧಾನವನ್ನು ಕಂಡುಹಿಡಿದರು. ಅದೇ ಪ್ರದೇಶದಲ್ಲಿ ಇಬ್ಬರು ಬಾಲಕಿಯರ ಕೊಲೆಯಾಗಿದ್ದು, ಯುವಕನೊಬ್ಬನು ಒಂದು ಕೊಲೆಯನ್ನು ತಾನೇ ಮಾಡಿದ್ದಾಗಿ ಒಪ್ಪಿಕೊಂಡಿದ್ದನು. ಡಿಎನ್ಎ ಪರೀಕ್ಷೆಯು ಅವನು ನಿರಪರಾಧಿಯೆಂದು ತೋರಿಸಿತು. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಕೊಲೆ ತನಿಖೆಯಲ್ಲಿ ಈ ವಿಧಾನದ ಮೊದಲ ಫಲ ನಿರಪರಾಧಿಯ ಬಿಡುಗಡೆಯಾಗಿತ್ತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಭಾರತದಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ಡಾ. ಲಾಲ್‌ಜಿ ಸಿಂಗ್ ಅವರು ಈ ತಂತ್ರವನ್ನು ಅಭಿವೃದ್ಧಿಪಡಿಸಿ ನ್ಯಾಯಾಲಯಗಳಿಗೆ ಪರಿಚಯಿಸಿದರು.

ದೇಶದ ಮೊದಲ ರಾಜ್ಯ ವಿಧಿ ವಿಜ್ಞಾನ ಪ್ರಯೋಗಾಲಯವು 1952ರಲ್ಲಿ ಕಲ್ಕತ್ತಾದಲ್ಲಿ ಸ್ಥಾಪನೆಯಾಯಿತು. ಕರ್ನಾಟಕದ ರಾಜ್ಯ ಪ್ರಯೋಗಾಲಯವು ಬೆಂಗಳೂರಿನ ಮಡಿವಾಳದಲ್ಲಿದ್ದು, ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ ಮತ್ತು ಕಲಬುರಗಿ ಸೇರಿದಂತೆ ವಿವಿಧೆಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ.

ಮಿತಿಗಳು

ತಜ್ಞರ ವರದಿಯು ಅಭಿಪ್ರಾಯವೇ ಹೊರತು ತೀರ್ಪಲ್ಲ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಚೀಲವೊಂದರ ಮೇಲಿದ್ದ ಬೆರಳಚ್ಚು ಅಮೆರಿಕದ ಓರೆಗಾನ್ ರಾಜ್ಯದ ವಕೀಲರೊಬ್ಬರದೆಂದು ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು. ಅವರು ಸುಮಾರು ಎರಡು ವಾರ ಬಂಧನದಲ್ಲಿದ್ದರು. ಅದು ಬೇರೊಬ್ಬನದೆಂದು ಸ್ಪೇನಿನ ಪೊಲೀಸರು ಪತ್ತೆ ಮಾಡಿದ ಬಳಿಕ ಎಫ್‌ಬಿಐ ಕ್ಷಮೆ ಕೇಳಿತು. ಗಣಕಯಂತ್ರವು ಹೋಲುವ ಮುದ್ರೆಗಳನ್ನು ಆರಿಸಿಕೊಡುತ್ತದೆ, ನಿರ್ಧರಿಸುವವನು ಮನುಷ್ಯನೇ. ಆದ್ದರಿಂದ ತಜ್ಞರ ಅಭಿಪ್ರಾಯವನ್ನು ಪಾಟೀಸವಾಲಿಗೆ ಒಳಪಡಿಸುವ ಹಕ್ಕು ಆರೋಪಿಗೆ ಇರುವುದು ಕೇವಲ ಔಪಚಾರಿಕವಲ್ಲ.

ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮತ್ತು ಮಿದುಳಿನ ಪರೀಕ್ಷೆಗಳನ್ನು ವ್ಯಕ್ತಿಯ ಸಮ್ಮತಿಯಿಲ್ಲದೆ ನಡೆಸತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ತೀರ್ಪು ನೀಡಿದೆ. ಸಮ್ಮತಿಯಿಂದ ನಡೆಸಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ.

ಸಾರ್ವಜನಿಕರ ಮಾಹಿತಿಗಾಗಿ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಪ್ರಕರಣವು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿ ವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡುವುದನ್ನು ವಿಧಿಸಿದೆ. ಇದನ್ನು ಐದು ವರ್ಷಗಳೊಳಗೆ ಹಂತ ಹಂತವಾಗಿ ಜಾರಿಗೆ ತರಲು ರಾಜ್ಯಗಳಿಗೆ ಅವಕಾಶವಿದೆ. ತಜ್ಞರು ಬರುವವರೆಗೆ ಸ್ಥಳವನ್ನು ತುಳಿಯದೆ, ವಸ್ತುಗಳನ್ನು ಮುಟ್ಟದೆ, ನೆಲವನ್ನು ತೊಳೆಯದೆ ಇರುವಂತೆ ಕೋರಲಾಗಿದೆ. ಮನೆ ಕಳುವಾದಾಗ ಬೀರುವನ್ನು ಸರಿಪಡಿಸಿಟ್ಟು ನಂತರ ಠಾಣೆಗೆ ಹೋಗುವುದು ಸಹಜವಾದರೂ, ಅದರಿಂದ ಮುಖ್ಯ ಗುರುತುಗಳು ಅಳಿಸಿಹೋಗುತ್ತವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಬಟ್ಟೆಗಳನ್ನು ಒಗೆಯದೆ ಇರಿಸುವುದು ಸೂಕ್ತ. ಅವರಿಗೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆಯನ್ನು ತಕ್ಷಣವೇ ಉಚಿತವಾಗಿ ನೀಡತಕ್ಕದ್ದು. ಒದ್ದೆಯಾದ ಅಥವಾ ರಕ್ತದ ಕಲೆಯಿರುವ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಬೆಳೆದು ಡಿಎನ್ಎ ನಾಶವಾಗುತ್ತದೆ. ನೆರಳಿನಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿಡಬೇಕು.

ಪೊಲೀಸರು ವಸ್ತುಗಳನ್ನು ಪಂಚರ ಸಮಕ್ಷಮ ಮಹಜರು ಬರೆದು, ಅರಗಿನ ಮೊಹರು ಹಾಕಿ ವಶಪಡಿಸಿಕೊಳ್ಳುತ್ತಾರೆ. ಪಂಚರಾಗಿ ಸಹಿ ಮಾಡುವವರು ಮೊಹರನ್ನು ಕಣ್ಣಾರೆ ನೋಡಿ, ಬರೆದದ್ದನ್ನು ಓದಿಸಿ ಕೇಳಿ ಸಹಿ ಮಾಡುವುದು ಒಳಿತು. ಮೊಹರಿನಲ್ಲಿ ಲೋಪ ಕಂಡುಬಂದರೆ ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ ನ್ಯಾಯಾಲಯದಲ್ಲಿ ಅದರ ತೂಕ ಕುಸಿಯುತ್ತದೆ.

ರಾಜ್ಯ ಪ್ರಯೋಗಾಲಯಗಳು ಸಾಮಾನ್ಯವಾಗಿ ಪೊಲೀಸ್ ಇಲಾಖೆ, ನ್ಯಾಯಾಲಯ ಅಥವಾ ಸರ್ಕಾರಿ ಇಲಾಖೆಗಳ ಮೂಲಕ ಬಂದ ಪ್ರಕರಣಗಳನ್ನು ಸ್ವೀಕರಿಸುತ್ತವೆ. ಖಾಸಗಿ ವ್ಯಕ್ತಿಗಳು ನೇರವಾಗಿ ಸಲ್ಲಿಸಲು ಬರುವುದಿಲ್ಲ. ಆಸ್ತಿ ವ್ಯಾಜ್ಯಗಳಲ್ಲಿ ಸಹಿ ಅಥವಾ ಹೆಬ್ಬೆಟ್ಟಿನ ಪರೀಕ್ಷೆ ಬೇಕಾದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 10ಎ ನಿಯಮದಡಿ ವೈಜ್ಞಾನಿಕ ಪರಿಶೋಧನೆಗಾಗಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಇಂತಹ ಸಂದರ್ಭದಲ್ಲಿ ವಿವಾದಿತ ದಸ್ತಾವೇಜಿನ ಮೂಲ ಪ್ರತಿಯನ್ನೇ ಒದಗಿಸಬೇಕಾಗುತ್ತದೆ. ಜೆರಾಕ್ಸ್ ಪ್ರತಿಯಲ್ಲಿ ಲೇಖನಿಯ ಒತ್ತಡವಾಗಲಿ ಶಾಯಿಯ ಗುಣವಾಗಲಿ ತಿಳಿಯುವುದಿಲ್ಲ. ಹೋಲಿಕೆಗಾಗಿ ಅದೇ ಕಾಲಾವಧಿಯ ಒಪ್ಪಿತ ಸಹಿಗಳಿರುವ ಬ್ಯಾಂಕ್ ನಮೂನೆ, ನೋಂದಾಯಿತ ಪತ್ರ ಮುಂತಾದ ಮೂಲ ದಾಖಲೆಗಳನ್ನೂ ಹಾಜರುಪಡಿಸತಕ್ಕದ್ದು.