ಕಟ್ಟಲು ಒಂದು ಚೀಲ, ಗುಡಿಸಲು ಇನ್ನೊಂದು

ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜೊಂದು ಊರಿನವರ ಮತ ಪಡೆದು ಬಾಂಡ್ ಮಾರಿ ಕೋಟಿಗಟ್ಟಲೆ ಡಾಲರ್ ಎತ್ತಿತೆನ್ನಿ. ಆ ಹಣದಲ್ಲಿ ಹೊಸ ಪ್ರಯೋಗಾಲಯ ಕಟ್ಟಬಹುದು, ಹಳೆಯ ಛಾವಣಿ ಕಿತ್ತು ಹೊಸದು ಹಾಕಿಸಬಹುದು, ಅಂಗಳವನ್ನೇ ಅಗೆದು ಬೇರೆ ರೂಪ ಕೊಡಬಹುದು. ಆದರೆ ಆ ಪ್ರಯೋಗಾಲಯದ ಕಸ ಗುಡಿಸುವವರಿಗೆ ಸಂಬಳ ಕೊಡುವಂತಿಲ್ಲ. ಅದು ಬೇರೆ ಚೀಲದಿಂದ ಬರಬೇಕು, ಆ ಚೀಲ ಸದಾ ತೆಳ್ಳಗೇ ಇರುತ್ತದೆ. ಈ ಕಾಲೇಜುಗಳ ಕಟ್ಟಡ ಮತ್ತು ಆವರಣಗಳ ನೂರು ಚಿಲ್ಲರೆ ವರ್ಷದ ಕಥೆಯನ್ನು ವಾಸ್ತುಶಿಲ್ಪಿಗಳ ಹೆಸರು ಹಿಡಿದು ಹೇಳುವುದು ರೂಢಿ. ನನಗೆ ಈ ಎರಡು ಚೀಲಗಳ ದಾರಿ ಹಿಡಿದು ಹೋದರೆ ಕಥೆ ಹೆಚ್ಚು ಬಿಚ್ಚಿಕೊಳ್ಳುತ್ತದೆ ಅನ್ನಿಸುತ್ತದೆ.

ಶುರುವಿನಲ್ಲಿ ಕಟ್ಟಡವೇ ಇರಲಿಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲಿ 6 ಮಂದಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮೊದಲೆರಡು ವರ್ಷದ ಕಾಲೇಜು ಪಾಠ ನಡೆಸಿದರು. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಇದರ ಹಿಂದಿದ್ದವರಲ್ಲಿ ಒಬ್ಬರು. ಅಮೆರಿಕದ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು (ಸಮುದಾಯ ಕಾಲೇಜುಗಳನ್ನು ಆಗ ಹೀಗೆ ಕರೆಯುತ್ತಿದ್ದರು) ಎಂಬ ಹೆಸರು ಪಡೆದ ಸಂಸ್ಥೆ ಹೀಗೆ ಹೈಸ್ಕೂಲಿನ ಕೋಣೆಯಲ್ಲಿ ಹುಟ್ಟಿತು. 1907ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಹೈಸ್ಕೂಲುಗಳಿಗೆ ಇಂಥ ಪಾಠ ನಡೆಸಲು ಕಾನೂನಿನಲ್ಲಿ ಅವಕಾಶ ಕೊಟ್ಟಿತು. 1910ರಲ್ಲಿ ಅಲ್ಲಿನ ಫ್ರೆಸ್ನೊ ಎಂಬ ಊರು ಅದನ್ನು ಬಳಸಿಕೊಂಡಿತು. ಅಲ್ಲಿಂದ ಮುಂದೆ ಎರಡು ಮೂರು ದಶಕ ಈ ಕಾಲೇಜುಗಳು ಬೇರೆಯವರ ಮನೆಯ ಜಗುಲಿಯಲ್ಲೇ ಕಾಲ ಹಾಕಿದವು.

ಆ ಸ್ಥಿತಿಯನ್ನು ಕದಲಿಸಿದ್ದು ಭೂಕಂಪ. 1933ರ ಮಾರ್ಚ್ 10ರ ಸಂಜೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಡುಗಿತು. ಹೊತ್ತು ಸಂಜೆ 6ರ ಹತ್ತಿರ, ಶಾಲೆಗಳು ಬಿಟ್ಟಾಗಿತ್ತು. ಇಟ್ಟಿಗೆಯ ಶಾಲಾ ಕಟ್ಟಡಗಳು ರಾಶಿ ರಾಶಿಯಾಗಿ ಕುಸಿದದ್ದನ್ನು ನೋಡಿದ ಜನಕ್ಕೆ, ಇದೇ ನಡುಕ ಮೂರು ಗಂಟೆ ಮೊದಲು ಬಂದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಫೀಲ್ಡ್ ಕಾಯ್ದೆ ಬಂತು. ಸಾರ್ವಜನಿಕ ಶಾಲೆಯ ನಕ್ಷೆಯನ್ನು ರಾಜ್ಯದ ವಾಸ್ತುಶಿಲ್ಪಿ ಕಚೇರಿ ಪರಿಶೀಲಿಸಬೇಕು, ಕಟ್ಟುವಾಗ ಸ್ಥಳದಲ್ಲಿ ತಪಾಸಣೆಗಾರ ನಿಂತಿರಬೇಕು ಎಂದು ಅದು ಹೇಳಿತು. ಜೂನಿಯರ್ ಕಾಲೇಜುಗಳು ಶಾಲಾ ವ್ಯವಸ್ಥೆಯ ಕೂಸುಗಳಾದ್ದರಿಂದ ಅವೂ ಈ ಕಾಯ್ದೆಯ ತೆಕ್ಕೆಗೆ ಬಂದವು. ರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳು ಬರಲಿಲ್ಲ. ಸಮುದಾಯ ಕಾಲೇಜಿನಲ್ಲಿ ಒಂದು ಗೋಡೆ ಎತ್ತಲು ಯಾಕಿಷ್ಟು ಹೊತ್ತು, ಯಾಕಿಷ್ಟು ಹಣ ಎಂದು ಇವತ್ತೂ ಕೇಳುವವರಿಗೆ ಉತ್ತರದ ಒಂದು ತುಣುಕು ಆ ಸಂಜೆಯಲ್ಲಿದೆ.

ಲಾಂಗ್ ಬೀಚಿನ ಜೂನಿಯರ್ ಕಾಲೇಜು ಆಗ ಒಂದು ಹೈಸ್ಕೂಲಿನಲ್ಲಿ ಬಿಡಾರ ಹೂಡಿತ್ತು. ಕಟ್ಟಡ ಹೋದ ಮೇಲೆ ಪಾಠಗಳು ಊರ ಉದ್ಯಾನದ ಬಯಲಿಗೆ ಬಂದವು. 1935ರಲ್ಲಿ ಸ್ವಂತ ಆವರಣ ಸಿಗುವವರೆಗೂ ಹಾಗೇ ನಡೆಯಿತು. ಈ ಊರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನಿಕರು ಸರ್ಕಾರಿ ವಿದ್ಯಾರ್ಥಿವೇತನ ಹಿಡಿದು ಕಾಲೇಜುಗಳ ಬಾಗಿಲಿಗೆ ಬಂದರು. ಅವರ ಹಿಂದೆಯೇ ಸೇನೆ ಬಿಟ್ಟುಕೊಟ್ಟ ಬ್ಯಾರಕ್ಕುಗಳು, ಅರ್ಧ ಡ್ರಮ್ಮಿನಾಕಾರದ ತಗಡಿನ ಗುಡಿಸಲುಗಳು ಲಾರಿಯಲ್ಲಿ ಬಂದಿಳಿದವು. ತಾತ್ಕಾಲಿಕ ಎಂಬ ಪದಕ್ಕೆ ಕಾಲೇಜುಗಳಲ್ಲಿ ಇರುವ ಆಯಸ್ಸು ವಿಚಿತ್ರ: ನಾಲ್ಕು ವರ್ಷಕ್ಕೆಂದು ತಂದಿಟ್ಟ ಕೋಣೆ ನಾಲ್ಕು ದಶಕ ನಿಂತುಬಿಡುತ್ತದೆ. ನಮ್ಮ ಶೀಟಿನ ಮಾಡಿನ ತರಗತಿಗಳಲ್ಲಿ ಕೂತು ಮಳೆಯ ಸದ್ದಿಗೆ ಪಾಠ ಕೇಳಿಸದೆ ಹೋದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ನಿಜವಾದ ಆವರಣ ಯೋಜನೆ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆ ಮಾಡಿಕೊಂಡು, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಹೊಣೆಯನ್ನು ಜೂನಿಯರ್ ಕಾಲೇಜುಗಳ ಹೆಗಲಿಗೆ ಹಾಕಿತು. ಕಲಿಯುವವರಿಂದ ಬೋಧನಾ ಶುಲ್ಕವಿಲ್ಲ. ಖರ್ಚಿನ ಬಹುಪಾಲು ಊರಿನ ಆಸ್ತಿ ತೆರಿಗೆಯಿಂದ. 1963ರಲ್ಲಿ ಕೇಂದ್ರ ಸರ್ಕಾರ ಕಾಲೇಜು ಕಟ್ಟಡಗಳಿಗಾಗಿಯೇ ಒಂದು ಕಾಯ್ದೆ ತಂದು, ಪದವಿ ಮಟ್ಟದ ಕಟ್ಟಡ ನೆರವಿನಲ್ಲಿ ಶೇ. 22ರಷ್ಟನ್ನು ಇಂಥ ಕಾಲೇಜುಗಳಿಗೂ ತಾಂತ್ರಿಕ ಸಂಸ್ಥೆಗಳಿಗೂ ಮೀಸಲಿಟ್ಟಿತು. ಆ ದಶಕದಲ್ಲಿ ದೇಶದಲ್ಲಿ ಸರಾಸರಿ ವಾರಕ್ಕೊಂದು ಸಮುದಾಯ ಕಾಲೇಜು ತೆರೆಯಿತು ಎಂಬುದು ಉತ್ಪ್ರೇಕ್ಷೆಯ ಮಾತಲ್ಲ.

ಆ ಕಾಲದ ಕಟ್ಟಡಗಳಲ್ಲಿ ಒಂದರ ಮುಂದೆ ಸ್ವಲ್ಪ ನಿಲ್ಲೋಣ. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕೆ, ಲಾಸ್ ಆಲ್ಟೋಸ್ ಹಿಲ್ಸ್ ಎಂಬಲ್ಲಿನ ಫುಟ್‌ಹಿಲ್ ಕಾಲೇಜು. 1958ರಲ್ಲಿ ಆ ಭಾಗದ ಮತದಾರರು 1.04 ಕೋಟಿ ಡಾಲರಿನ ಬಾಂಡಿಗೆ ಒಪ್ಪಿದರು. ಅದೇ ವರ್ಷ ಪಕ್ಕದ ಮೌಂಟನ್ ವ್ಯೂನ ಹಳೆಯ ಶಾಲೆಯೊಂದರಲ್ಲಿ ಪಾಠ ಶುರುವಾಯಿತು. 1961ರಲ್ಲಿ ಗುಡ್ಡದ ಮೇಲಿನ ಹೊಸ ಆವರಣ ತೆರೆಯಿತು. ವಾಸ್ತುಶಿಲ್ಪಿ ಅರ್ನೆಸ್ಟ್ ಕಂಪ್ ಮತ್ತು ಮಾಸ್ಟೆನ್ ಅಂಡ್ ಹರ್ಡ್ ಸಂಸ್ಥೆ. ಅಂಗಳ, ಗಿಡಮರಗಳ ವಿನ್ಯಾಸ ಸಸಾಕಿ ವಾಕರ್ ಸಂಸ್ಥೆಯದು. ಕಂಪ್ ಒಂದೇ ಅಳತೆಯ ಘಟಕವನ್ನು ತೆಗೆದುಕೊಂಡು ಅದನ್ನೇ ತರಗತಿಯಾಗಿ, ಕಚೇರಿಯಾಗಿ, ಪ್ರಯೋಗಾಲಯವಾಗಿ ಮತ್ತೆ ಮತ್ತೆ ಬಳಸಿದ. ಮೇಲೆ ಅಗಲವಾಗಿ ಇಳಿಬಿದ್ದ ಮರದ ಮಾಡು, ಅದರ ಕೆಳಗೆ ಉದ್ದಕ್ಕೂ ನೆರಳಿನ ಮೊಗಸಾಲೆ. ದೂರದಿಂದ ನೋಡಿದರೆ ಜಪಾನಿನ ಊರೋ, ನಮ್ಮ ಮಲೆನಾಡಿನ ತೊಟ್ಟಿಮನೆಗಳ ಸಾಲೋ ಎಂಬ ಭ್ರಮೆ. ಕಾರುಗಳನ್ನು ಗುಡ್ಡದ ಬುಡದಲ್ಲೇ ತಡೆದು ನಿಲ್ಲಿಸಿ, ಮೇಲಿನದನ್ನೆಲ್ಲ ನಡೆಯುವವರಿಗೆ ಬಿಟ್ಟರು. ಎಲ್ಲರೂ ಕಾರಿನಲ್ಲೇ ಬರುವ, ಹಾಸ್ಟೆಲ್ಲೇ ಇಲ್ಲದ ಕಾಲೇಜಿಗೆ ಇದು ದೊಡ್ಡ ನಿರ್ಧಾರ. ಆ ಕಾಲದ ಬೇರೆ ಎಷ್ಟೋ ಆವರಣಗಳಲ್ಲಿ ಡಾಂಬರಿನ ಕಡಲ ನಡುವೆ ಕಾಂಕ್ರೀಟಿನ ದ್ವೀಪಗಳು ಮಾತ್ರ ಕಾಣುತ್ತವೆ.

ಇದೇ ವಾಸ್ತುಶಿಲ್ಪಿಗಳ ಡಿ ಆಂಜಾ ಕಾಲೇಜು 1967ರಲ್ಲಿ ಕುಪರ್ಟಿನೊದಲ್ಲಿ ತೆರೆಯಿತು. ದ್ರಾಕ್ಷಿ ತೋಟವಾಗಿದ್ದ ಆ ಜಾಗದಲ್ಲಿ ಮೊದಲೇ ಇದ್ದ ಹಳೆಯ ಬಂಗಲೆಯನ್ನು ಕೆಡವದೆ ಉಳಿಸಿಕೊಂಡರು. ಆ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಈ ಆವರಣ ಅಪರಿಚಿತವೇನಲ್ಲ. ಅಲ್ಲಿನ ಫ್ಲಿಂಟ್ ಸೆಂಟರ್ ರಂಗಮಂದಿರದಲ್ಲೇ 1984ರಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂಟಾಶ್ ಕಂಪ್ಯೂಟರನ್ನು ಚೀಲದಿಂದ ಹೊರತೆಗೆದು ತೋರಿಸಿದ್ದು. 1971ರಲ್ಲಿ ತೆರೆದ ಆ ಮಂದಿರ 2019ರಲ್ಲಿ ಬಾಗಿಲು ಹಾಕಿತು. ಕಂಪ್ಯೂಟರ್ ಯುಗದ ಒಂದು ತೊಟ್ಟಿಲು, ಐವತ್ತು ವರ್ಷ ತುಂಬುವ ಮೊದಲೇ ಬೀಗ ಹಾಕಿಸಿಕೊಂಡಿತು.

ಯಾಕೆ ಎಂದು ತಿಳಿಯಲು ಎರಡನೆಯ ಚೀಲಕ್ಕೆ, ದಿನದ ಖರ್ಚಿನ ಚೀಲಕ್ಕೆ, ಬರಬೇಕು. 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 13ನೇ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟು ಆಸ್ತಿ ತೆರಿಗೆಗೆ ಶೇ. 1ರ ಮಿತಿ ಹಾಕಿದರು. ಕಾಲೇಜುಗಳ ದಿನದ ಖರ್ಚಿನ ಬುಡಕ್ಕೇ ಏಟು ಬಿತ್ತು. ಹೊಸ ಕಟ್ಟಡಗಳಿಗೆ ಊರಿನಿಂದ ಬಾಂಡ್ ಎತ್ತುವ ದಾರಿಯೂ ಮುಚ್ಚಿ, 1986ರವರೆಗೂ ತೆರೆಯಲಿಲ್ಲ. 1984ರಲ್ಲಿ ಮೊದಲ ಬಾರಿಗೆ ವಿದ್ಯಾರ್ಥಿಗಳಿಂದ ಪಾಠದ ಒಂದು ಯೂನಿಟ್ಟಿಗೆ 5 ಡಾಲರಿನಂತೆ ಶುಲ್ಕ ಎತ್ತಿದರು. ಹಣ ಕಮ್ಮಿಯಾದಾಗ ಮೇಷ್ಟರ ಸಂಬಳ ನಿಲ್ಲಿಸಲಾಗದು, ದೀಪ ಆರಿಸಲಾಗದು. ಛಾವಣಿಗೆ ತೇಪೆ ಹಾಕುವುದನ್ನು ಮಾತ್ರ ಮುಂದಿನ ವರ್ಷಕ್ಕೆ ತಳ್ಳಬಹುದು. ತಳ್ಳಿದರು, ಮತ್ತೆ ತಳ್ಳಿದರು. ಹೀಗೆ ಮುಂದೂಡಿದ ದುರಸ್ತಿಗೆ ಅಲ್ಲಿ ಲೆಕ್ಕಪುಸ್ತಕದಲ್ಲೇ ಒಂದು ಹೆಸರಿದೆ, ಅದಕ್ಕೊಂದು ಮೊತ್ತವಿದೆ, ಆ ಮೊತ್ತ ವರ್ಷ ವರ್ಷವೂ ಬೆಳೆಯುತ್ತದೆ. 1960ರ ದಶಕದಲ್ಲಿ ಒಂದೇ ಉಸಿರಿಗೆ ಕಟ್ಟಿದ ಕಟ್ಟಡಗಳೆಲ್ಲ ಒಂದೇ ಉಸಿರಿಗೆ ಮುಪ್ಪಾದವು. ಅದೇ ಪೈಪು, ಅದೇ ಬಾಯ್ಲರು, ಅದೇ ಛಾವಣಿ, ಎಲ್ಲಕ್ಕೂ ಒಟ್ಟಿಗೇ ಮೂವತ್ತು ತುಂಬಿತು.

ಫ್ರೆಸ್ನೊ ಸಿಟಿ ಕಾಲೇಜಿನ ಹಳೆಯ ಆಡಳಿತ ಕಟ್ಟಡದ ಕಥೆ ಇಲ್ಲಿ ಹೇಳಲೇಬೇಕು. 1916ರಲ್ಲಿ ಶಿಕ್ಷಕರ ತರಬೇತಿ ಶಾಲೆಗೆಂದು ಕಟ್ಟಿದ, ಒಳಾಂಗಳ ಕಮಾನುಗಳಿರುವ ಇಟ್ಟಿಗೆಯ ಕಟ್ಟಡ. ಆ ಶಾಲೆ ಬೆಳೆದು ರಾಜ್ಯ ಕಾಲೇಜಾಗಿ ಬೇರೆಡೆಗೆ ಹೋದ ಮೇಲೆ ಜಾಗ ಸಿಟಿ ಕಾಲೇಜಿಗೆ ಬಂತು. ಫೀಲ್ಡ್ ಕಾಯ್ದೆಗೆ ಹೊಂದುವುದಿಲ್ಲವೆಂದು 1970ರ ದಶಕದಲ್ಲಿ ಅದನ್ನು ಮುಚ್ಚಿದರು. ಕೆಡವಬೇಕೆನ್ನುವವರು ಒಂದು ಕಡೆ, ಉಳಿಸಬೇಕೆನ್ನುವ ಊರಿನವರು ಇನ್ನೊಂದು ಕಡೆ. 1974ರಲ್ಲಿ ಅದಕ್ಕೆ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಆದರೆ ದುರಸ್ತಿಗೆ ಹಣ ಸಿಗಲಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಆವರಣದ ನಡುವೆ ಅದು ಬೀಗ ಜಡಿದುಕೊಂಡು ನಿಂತಿತ್ತು. ಕೊನೆಗೆ ಒಳಗಿನ ಎಲುಬುಗಳನ್ನು ಬಲಪಡಿಸಿ 2011ರಲ್ಲಿ ಮತ್ತೆ ತೆರೆದರು. ಜೀರ್ಣೋದ್ಧಾರ ಎಂಬ ನಮ್ಮ ಪದ ಈ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ.

ಈ ನಡುವೆ ಇನ್ನೊಂದು ಬಗೆಯ ತಿದ್ದುಪಡಿ ಶುರುವಾಗಿತ್ತು. 1973ರ ಕೇಂದ್ರ ಕಾಯ್ದೆಯ 504ನೇ ವಿಧಿ, ಸರ್ಕಾರಿ ಹಣ ಪಡೆಯುವ ಯಾವ ಕೆಲಸದಿಂದಲೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂದಿತು. ಅದರ ನಿಯಮಗಳಿಗೆ ಸಹಿ ಬೀಳದಿದ್ದಾಗ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರು ವಾರಗಟ್ಟಲೆ ಧರಣಿ ಕೂತು ಸಹಿ ಹಾಕಿಸಿದರು. 1990ರಲ್ಲಿ ಇನ್ನೂ ವ್ಯಾಪಕವಾದ ಕಾನೂನು ಬಂತು. ಗುಡ್ಡದ ಮೇಲಿನ ಕಾಲೇಜುಗಳಲ್ಲಿ ಹಿಂದೆ ಎಲ್ಲರೂ ಹೊಗಳಿದ್ದ ಮೆಟ್ಟಿಲು, ಏರು ದಾರಿಗಳೆಲ್ಲ ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೆ ಗೋಡೆಗಳು. ಒಂದು ಕಾಲದ ಸೊಬಗನ್ನು ಇನ್ನೊಂದು ಕಾಲ ಅಡ್ಡಿಯೆಂದು ಓದಿತು. ಓದಿದ್ದು ಸರಿಯಾಗಿಯೇ ಇತ್ತು.

2000ದ ನವೆಂಬರಿನಲ್ಲಿ ಮೊದಲ ಚೀಲದ ಬಾಯಿ ಮತ್ತೆ ಅಗಲವಾಯಿತು. ಅಲ್ಲಿಯವರೆಗೆ ಸ್ಥಳೀಯ ಬಾಂಡ್ ಗೆಲ್ಲಲು ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. 39ನೇ ಪ್ರಸ್ತಾವ ಅದನ್ನು ಶೇ. 55ಕ್ಕೆ ಇಳಿಸಿತು. ಬದಲಿಗೆ ಷರತ್ತುಗಳು: ಯಾವ ಕೆಲಸಕ್ಕೆಂದು ಮೊದಲೇ ಪಟ್ಟಿ ಕೊಡಬೇಕು, ಪ್ರತಿವರ್ಷ ಲೆಕ್ಕ ತಪಾಸಣೆ ಆಗಬೇಕು, ಊರಿನವರ ಮೇಲ್ವಿಚಾರಣಾ ಸಮಿತಿ ಇರಬೇಕು, ಸಂಬಳಕ್ಕಾಗಲಿ ದಿನದ ಖರ್ಚಿಗಾಗಲಿ ಒಂದು ಪೈಸೆಯೂ ಹೋಗಬಾರದು. ಕಾಲೇಜುಗಳು ಸಾಲುಗಟ್ಟಿ ಜನರ ಮುಂದೆ ಬಂದವು. ಒಂಬತ್ತು ಕಾಲೇಜುಗಳಿರುವ ಲಾಸ್ ಏಂಜಲೀಸ್ ಸಮುದಾಯ ಕಾಲೇಜು ಜಿಲ್ಲೆ 2001, 2003, 2008ರ ಮೂರು ಬಾಂಡ್‌ಗಳಲ್ಲಿ ಒಟ್ಟು 570 ಕೋಟಿ ಡಾಲರಿಗೂ ಹೆಚ್ಚು ಪಡೆಯಿತು. 2011ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆ ಸರಣಿ ಲೇಖನಗಳಲ್ಲಿ ಆ ಹಣದ ಜಾಡು ಹಿಡಿಯಿತು. ಕೋಟಿಗಟ್ಟಲೆ ಪೋಲು, ಕಳಪೆ ಯೋಜನೆ, ಗಾಳಿಯೇ ಸಾಲದ ಕಡೆ ಗಾಳಿಯಂತ್ರದ ಕನಸು, ಭೂಬಿರುಕಿನ ಮೇಲೆ ಸೌರಫಲಕಗಳ ನಕ್ಷೆ. ಹಣ ಇಲ್ಲದಾಗ ಆದ ಹಾಳು ಒಂದು ಬಗೆ, ಒಮ್ಮೆಲೇ ಹರಿದು ಬಂದಾಗ ಆಗುವ ಹಾಳು ಇನ್ನೊಂದು.

ಹೊಸ ಕಟ್ಟಡಕ್ಕೆ ಉದ್ಘಾಟನೆಯ ಕಲ್ಲು ಇರುತ್ತದೆ, ಹೆಸರುಗಳಿರುತ್ತವೆ. ಸೋರುವ ಪೈಪು ಬದಲಿಸಿದ್ದಕ್ಕೆ ಕಲ್ಲು ನೆಟ್ಟದ್ದನ್ನು ನಾನಂತೂ ಎಲ್ಲೂ ನೋಡಿಲ್ಲ, ನಮ್ಮಲ್ಲೂ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಆಯೋಗ ಇದನ್ನು ಗಮನಿಸಿತು. ಅದರ 2014ರ ಮಾನದಂಡಗಳು ದೀರ್ಘಾವಧಿ ಕಟ್ಟಡ ಯೋಜನೆಯಲ್ಲಿ ಒಡೆತನದ ಪೂರ್ತಿ ಖರ್ಚು ಕಾಣಬೇಕು ಎಂದವು. ಕಟ್ಟುವ ಖರ್ಚಿನ ಜೊತೆಗೆ ಅದು ನಿಂತಿರುವಷ್ಟು ಕಾಲ ಬೇಕಾದ ವಿದ್ಯುತ್ತು, ನೀರು, ಗುಡಿಸುವ ಕೈ, ಬದಲಿಸಬೇಕಾದ ಛಾವಣಿ ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ. ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರು ಕಟ್ಟಿದ ಮೇಲಿನ ಮೂವತ್ತು ವರ್ಷದ ಬಗ್ಗೆ ಏನೂ ಹೇಳಿ ಹೋಗಲಿಲ್ಲ.

ಈ ಲೆಕ್ಕ ಅರ್ಥವಾದ ಕಡೆ ಒಂದು ಜಾಣತನ ಹುಟ್ಟಿತು. ಬಾಂಡ್ ಹಣದಿಂದ ಕರೆಂಟ್ ಬಿಲ್ ಕಟ್ಟುವಂತಿಲ್ಲ, ಸರಿ. ಆದರೆ ಬಿಲ್ಲೇ ಬರದಂಥ ಕಟ್ಟಡವನ್ನು ಕಟ್ಟಬಹುದಲ್ಲ. ಡಿ ಆಂಜಾದಲ್ಲಿ 2005ರಲ್ಲಿ ತೆರೆದ ಪರಿಸರ ಅಧ್ಯಯನದ ಕಿರ್ಷ್ ಸೆಂಟರ್ ಗಾಳಿ ಬೆಳಕುಗಳನ್ನು ಸಹಜವಾಗಿ ಬಳಸುವ ಹಾಗಿದೆ. ಹಸಿರು ಕಟ್ಟಡಗಳ ಅಮೆರಿಕನ್ ಶ್ರೇಣಿಯಲ್ಲಿ ಅದಕ್ಕೆ ಅತಿ ಮೇಲಿನ ದರ್ಜೆ ಸಿಕ್ಕಿತು. ಉತ್ತರದ ಒರೊವಿಲ್ ಬಳಿಯ ಬ್ಯೂಟ್ ಕಾಲೇಜು ಇನ್ನೂ ಮುಂದೆ ಹೋಯಿತು. ಸಾಲ ತೆಗೆದು, ಕೈಯದೂ ಸೇರಿಸಿ, ಛಾವಣಿಗಳ ಮೇಲೆ, ಬಯಲಿನಲ್ಲಿ, ಕಾರು ನಿಲ್ಲಿಸುವ ಜಾಗಗಳ ಮೇಲೆ ಸುಮಾರು 25,000 ಸೌರಫಲಕ ಹಾಕಿ, 2011ರ ಹೊತ್ತಿಗೆ ತನಗೆ ಬೇಕಾದದ್ದಕ್ಕಿಂತ ಹೆಚ್ಚು ವಿದ್ಯುತ್ತು ತಯಾರಿಸುವ ಕಾಲೇಜಾಯಿತು. ಬರಗಾಲದ ವರ್ಷಗಳಲ್ಲಿ ಹುಲ್ಲುಹಾಸು ಕಿತ್ತು, ನೀರು ಬೇಡದ ಸ್ಥಳೀಯ ಗಿಡಗಳನ್ನು ನೆಟ್ಟ ಆವರಣಗಳದ್ದೂ ಇದೇ ಲೆಕ್ಕ. ಮೊದಲ ಚೀಲದಿಂದ ಒಮ್ಮೆ ತೆಗೆದು ಹಾಕಿದರೆ ಎರಡನೆಯದರ ಸೋರಿಕೆ ಕಮ್ಮಿಯಾಗುತ್ತದೆ.

ಈಗ ಪ್ರಶ್ನೆ ಬೇರೆಡೆಗೆ ಹೊರಳಿದೆ. ಕೊರೊನಾದ ನಂತರ ಪಾಠದ ದೊಡ್ಡ ಪಾಲು ಆನ್‌ಲೈನಿಗೆ ಹೋಗಿ ಹಲವು ತರಗತಿಗಳು ಖಾಲಿ ಉಳಿದವು. ಗಗನಕ್ಕೇರಿರುವುದು ಬಾಡಿಗೆ ಮನೆಗಳ ದರ. ಹಳ್ಳಿಗಾಡಿನ ಕೆಲವನ್ನು ಬಿಟ್ಟರೆ ಹಾಸ್ಟೆಲ್ಲೇ ಇಲ್ಲದಿದ್ದ ಈ ಕಾಲೇಜುಗಳು ಮಲಗುವ ಜಾಗ ಕಟ್ಟತೊಡಗಿವೆ. ಆರೆಂಜ್ ಕೋಸ್ಟ್ ಕಾಲೇಜಿನಲ್ಲಿ 2020ರಲ್ಲಿ 800ಕ್ಕೂ ಹೆಚ್ಚು ಹಾಸಿಗೆಗಳ ವಸತಿ ಸಮುಚ್ಚಯ ತೆರೆಯಿತು. 2021ರಲ್ಲಿ ರಾಜ್ಯವೇ ವಿದ್ಯಾರ್ಥಿ ವಸತಿಗೆ ಅನುದಾನ ಯೋಜನೆ ತಂದಿತು.

ಅದೇ ವರ್ಷ ಲಾಂಗ್ ಬೀಚ್ ಸಿಟಿ ಕಾಲೇಜು, ಭೂಕಂಪದ ನಂತರ ಉದ್ಯಾನದಲ್ಲಿ ಪಾಠ ಮಾಡಿದ್ದ ಅದೇ ಕಾಲೇಜು, ರಾತ್ರಿ ಕಾರಿನಲ್ಲೇ ಮಲಗುವ ತನ್ನ ವಿದ್ಯಾರ್ಥಿಗಳಿಗೆ ವಾಹನ ನಿಲುಗಡೆಯ ಕಟ್ಟಡದಲ್ಲಿ ಜಾಗ ಬಿಟ್ಟುಕೊಟ್ಟಿತು. 15 ಮಂದಿಯವರೆಗೆ ಅವಕಾಶ. ಸ್ನಾನಕ್ಕೆ ವ್ಯವಸ್ಥೆ, ವೈ-ಫೈ, ಒಬ್ಬ ಕಾವಲುಗಾರ. ಆ ಕಾವಲುಗಾರನ ಸಂಬಳ ಬಾಂಡ್ ಹಣದಿಂದ ಬರುವಂತಿಲ್ಲ.