ಕೆಂಪು ಶಾಯಿಯೂ ಮನೋರಮೆಯೂ

ಬಲಸಮುದ್ರದ ಹುಡುಗಿಯೊಬ್ಬಳು ತಾನು ಬರೆದ ಕತೆಯನ್ನು ನನಗೆ ತೋರಿಸಿದಳು. ಪಂಡಿತ ಪರೀಕ್ಷೆಗೆ ಓದಿದ ಕಣ್ಣು ನನ್ನದು. ಮೊದಲು ಕಂಡದ್ದು ಕತೆಯಲ್ಲ, ಒತ್ತಕ್ಷರದ ತಪ್ಪು. ಪುಟವೆಲ್ಲ ಕೆಂಪಾಯಿತು. ಅಂದಿನಿಂದ ಆಕೆ ಮೊದಲ ವಾಕ್ಯವನ್ನೇ ಬರೆದು, ಹೊಡೆದು, ಮತ್ತೆ ಬರೆಯುವಳು; ಎರಡನೆಯ ಪುಟವನ್ನು ಮುಟ್ಟಲೇ ಇಲ್ಲ.

ದೋಷವನ್ನು ಹುಡುಕುವ ಅಭ್ಯಾಸ ನಮ್ಮಲ್ಲಿ ಹಳೆಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ವಿಚಾರ. ಆ ವಿವೇಕ ಬೇಕಾದದ್ದೇ. ಆದರೆ ಕತೆ ಹೇಳಲು ಆಗತಾನೆ ಬಾಯಿ ತೆರೆದವರ ಮೇಲೆ ಅದನ್ನೆಲ್ಲ ಹೇರಿದರೆ ನಾಲಗೆ ಕಟ್ಟೀತು.

ಈ ಅಳುಕು ದೊಡ್ಡವರನ್ನೂ ಬಿಟ್ಟಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಎಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದವರು. ತಮ್ಮ ಕೃತಿಗಳನ್ನು ಮೈಸೂರಿಗೆ ಅಚ್ಚಿಗೆ ಕಳುಹಿಸುವಾಗ ತಮ್ಮದೆನ್ನದೆ, ಯಾವನೋ ಹಳೆಯ ಕವಿಯದೆಂಬಂತೆ ಕಳುಹಿಸಿದರು.

ಆದರೂ ಅವರು ಬರೆದರು. ಹೇಗೆಂಬುದಕ್ಕೆ ‘ಶ್ರೀರಾಮಾಶ್ವಮೇಧ’ವೇ ಉತ್ತರ ಹೇಳುವಂತಿದೆ. ಮಳೆಗಾಲ, ಅರಮನೆಯಿಂದ ಮನೆಗೆ ಬಂದ ಗಂಡನನ್ನು ಮನೋರಮೆ ಉಪಚರಿಸಿ, ಒಂದು ಕತೆ ಹೇಳೆಂದು ಕೇಳುತ್ತಾಳೆ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಆತನು ಸಂಸ್ಕೃತದ ಬಿಗುಮಾನದಿಂದ ತೊಡಗಿದೊಡನೆ ತಡೆದು ನಿಲ್ಲಿಸುತ್ತಾಳೆ. ಕತೆ ಕನ್ನಡಕ್ಕೆ ಇಳಿಯುತ್ತದೆ, ಮುಂದಕ್ಕೆ ಹರಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದುಂಟು. ಮನೋರಮೆ ತಲೆದೂಗುತ್ತ ಕುಳಿತವಳಲ್ಲ. ಆಕೆಯೂ ಆಕ್ಷೇಪಿಸುತ್ತಾಳೆ, ನಗುತ್ತಾಳೆ. ಆದರೆ ಆಕೆ ತಪ್ಪು ಹಿಡಿಯುವುದು ಕತೆ ಮುಂದೆ ಸಾಗಲೆಂದು. ನಾನು ತಪ್ಪು ಹಿಡಿದದ್ದು ಕತೆ ನಿಲ್ಲುವಂತೆ. ಬರೆಯುವಾಗ ನಮ್ಮೆದುರು ಪರೀಕ್ಷಕನನ್ನು ಕೂರಿಸಿಕೊಳ್ಳುವೆವೋ, ಕೇಳುವವರನ್ನು ಕೂರಿಸಿಕೊಳ್ಳುವೆವೋ ಎಂಬುದೇ ಮುಖ್ಯ.

ಮುದ್ದಣ 1901ರಲ್ಲಿ, ಮೂವತ್ತೊಂದರ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡರು. ಎಲ್ಲವೂ ನಿರ್ದೋಷವಾಗಲೆಂದು ಕಾದಿದ್ದರೆ ಮನೋರಮೆಯ ಮಾತು ನಮಗೆ ದಕ್ಕುತ್ತಿತ್ತೆ?

ಕೆಂಪು ಲೇಖನಿಯನ್ನು ಮುಚ್ಚಿಟ್ಟು, “ಕತೆಯನ್ನು ಬಾಯಲ್ಲಿ ಹೇಳಮ್ಮ” ಎಂದೆ. ಊರಿನ ಕೆರೆ ತುಂಬಿ ಕೋಡಿ ಬಿದ್ದ ವರ್ಷದ ಕತೆ. ನಡುನಡುವೆ “ಆಮೇಲೆ?” ಎಂದಷ್ಟೇ ಕೇಳಿದೆ. ಮರುವಾರ ಒಂಬತ್ತು ಪುಟ ಬರೆದು ತಂದಳು. ಒತ್ತಕ್ಷರಗಳು ಎಲ್ಲಿಗೂ ಓಡಿಹೋಗಿರಲಿಲ್ಲ. ಕತೆ ಮುಗಿದ ಮೇಲೆ ಇಬ್ಬರೂ ಕುಳಿತು ತಿದ್ದಿದೆವು.